ಕೆಂಪಲ್ಲಿ ಕೆಂಪು ಹುಡುಕಿ, ಬಹುಮಾನ ಗೆಲ್ಲಿ

ಕಾರಿನ ಹಿಂದೆ ಬ್ರೇಕ್ ಲೈಟ್ ಕೆಂಪು, ಇಂಡಿಕೇಟರ್ ಹಳದಿ. ಜಗತ್ತಿನ ಬಹುಪಾಲು ದೇಶದಲ್ಲಿ ಇಷ್ಟೇ ಕಥೆ. ಆದ್ರೆ ಅಮೆರಿಕದಲ್ಲಿ ಹಿಂದಿನ ಇಂಡಿಕೇಟರ್ ಹಳದೀನೂ ಇರ್ಬಹುದು, ಕೆಂಪೂ ಇರ್ಬಹುದು, ಕಾರು ಮಾಡೋರ ಮರ್ಜಿ. ಎಷ್ಟೋ ಕಾರಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಬಲ್ಬು ಬೇರೆ, ಹಂಗಾಗಿ ಮುಂದಿನೋನು ಬ್ರೇಕ್ ಒತ್ತಿ ಒತ್ತಿ ಬಿಡ್ತಿದಾನೋ, ಎಡಕ್ಕೆ ತಿರುಗ್ತಾನೋ, ಇಲ್ಲಾ ಒಂದು ಕಡೆ ಬಲ್ಬೇ ಹೋಗಿದ್ಯೋ ಅನ್ನೋ ಒಗಟನ್ನ ಹಿಂದೆ ಬರೋನು ಅರ್ಧ ಸೆಕೆಂಡಲ್ಲಿ ಬಿಡಿಸ್ಬೇಕು, ಅವನ ಕೈಲಿ ಆಗ್ಲಿಲ್ಲ ಅಂದ್ರೆ ಆಮೇಲೆ ಇನ್ಶೂರೆನ್ಸ್‌ನೋರು ನಿಧಾನಕ್ಕೆ ಬಿಡಿಸ್ತಾರೆ.

ಮುಂದಿನ ಇಂಡಿಕೇಟರ್ ಮಾತ್ರ ಹಳದೀನೇ ಇರ್ಬೇಕಂತೆ, ಅದೇ ರೂಲು ಹೇಳತ್ತೆ. ಎದುರಿಗೆ ಬರೋರಿಗೆ ಮರ್ಯಾದೆ, ಹಿಂದೆ ಬರೋರಿಗೆ ಹಣೆಬರಹ.

ಸರ್ಕಾರಕ್ಕೆ ಗೊತ್ತಿಲ್ವಾ ಅಂದ್ರೆ, ಅಯ್ಯೋ, ಚೆನ್ನಾಗೇ ಗೊತ್ತು. ಅಲ್ಲಿನ ರಸ್ತೆ ಸುರಕ್ಷತೆ ನೋಡ್ಕೊಳ್ಳೋ ಎನ್‌ಎಚ್‌ಟಿಎಸ್‌ಎ 2009ರಲ್ಲಿ ತಾನೇ ಒಂದು ಸ್ಟಡಿ ಹೊರಗೆ ಬಿಡ್ತು. ಒಂದೇ ಮಾಡೆಲ್ ಕಾರು ಕೆಲವು ವರ್ಷ ಕೆಂಪು ಇಂಡಿಕೇಟರು, ಕೆಲವು ವರ್ಷ ಹಳದಿ ಹಾಕ್ಕೊಂಡು ಬಂದಿರತ್ತಲ್ಲ, ಅಂಥವನ್ನ ಹಿಡಿದು ಹೋಲಿಸಿ ನೋಡಿದ್ರು. ಹಳದಿ ಇದ್ರೆ ತಿರುಗೋವಾಗ ಹಿಂದಿಂದ ಗುದ್ದಿಸ್ಕೊಳ್ಳೋ ಸಾಧ್ಯತೆ 5.3% ತನಕ ಕಮ್ಮಿ ಅಂತ ಬಂತು. ಈಗ ಹಿಂದಿನ ಗಾಜಿನ ಹತ್ರ ಮಧ್ಯದಲ್ಲಿರೋ ಮೂರನೇ ಬ್ರೇಕ್ ಲೈಟ್ ನೆನಪಿಸ್ಕೊಳಿ. ಅದು 1986ರ ಮಾಡೆಲ್ ಕಾರುಗಳಿಂದ ಕಡ್ಡಾಯ, ಅದರಿಂದ ಹಿಂದಿನ ಗುದ್ದಾಟ ಕಮ್ಮಿ ಆಗಿದ್ದು ಇದೇ ಇಲಾಖೆ ಲೆಕ್ಕದಲ್ಲಿ 4.3%. ಅಂದ್ರೆ 4.3ಕ್ಕೆ ಹೊಸ ಲೈಟು, ಹೊಸ ವೈರು, ಕಾನೂನು, ಎಲ್ಲಾ ಉಂಟು. 5.3ಕ್ಕೆ? ನಿಮ್ಮಿಷ್ಟ ಸಾರ್! (ಎರಡೂ ಒಂದೇ ಥರದ ಲೆಕ್ಕ ಅಲ್ಲ ಅಂತ ಇಂಜಿನಿಯರ್‌ಗಳು ಜಗಳಕ್ಕೆ ಬರ್ಬೇಡಿ, ಗೊತ್ತು.) 2015ರಲ್ಲಿ ಕಾರಿನ ಸುರಕ್ಷತೆಗೆ ಕೊಡೋ ಸ್ಟಾರ್ ರೇಟಿಂಗ್‌ನಲ್ಲಾದ್ರೂ ಹಳದಿಗೆ ಮಾರ್ಕ್ಸ್ ಕೊಡೋಣ ಅಂತ ಪ್ರಸ್ತಾಪ ಇಟ್ರು. ಕೆಂಪು ಇನ್ನೂ ಆರಾಮಾಗಿ ಮಿಣುಕ್ತಾ ಇದೆ.

ಕಂಪನಿಗಳಿಗೆ ಹಳದಿ ಮಾಡೋಕೆ ಬರಲ್ಲ ಅಂತೇನಿಲ್ಲ. ಅಮೆರಿಕದಲ್ಲಿ ಕೆಂಪಲ್ಲೇ ಒಂದಾದ್ಮೇಲೊಂದು ಪಟ್ಟಿ ಹತ್ಕೊಳ್ಳೋ ಫೋರ್ಡ್ ಮಸ್ಟಾಂಗ್ ಇಂಡಿಕೇಟರು ಯುರೋಪಿಗೆ ಹೋಗೋ ಕಾರಲ್ಲಿ ಹಳದಿ. ಊರಲ್ಲಿ ಹಳದಿ ಇಟ್ಕೊಂಡಿರೋ ಎಷ್ಟೋ ಜರ್ಮನ್ ಕಾರುಗಳು ಅಮೆರಿಕಕ್ಕೆ ಬಂದ ತಕ್ಷಣ ಕೆಂಪಾಗ್ತವೆ. ಯಾಕಂದ್ರೆ ಅಲ್ಲಿ ಹಿಂದಿನ ಇಂಡಿಕೇಟರಿನ ಬೆಳಗೋ ಭಾಗ ಕನಿಷ್ಠ 50 ಚದರ ಸೆಂಟಿಮೀಟರ್ ಇರ್ಲೇಬೇಕು, ಚಿಕ್ಕ ಹಳದಿ ಗೂಡು ಅಷ್ಟು ದೊಡ್ಡದಿರಲ್ಲ, ಸರಿ ಬಿಡು ಅಂತ ದೊಡ್ಡ ಬ್ರೇಕ್ ಲೈಟನ್ನೇ ಮಿಣುಕಿಸ್ತಾರೆ. ಸೈಜಿಗೆ ಟೇಪ್ ಹಿಡಿದು ಅಳೀತಾರೆ, ಬಣ್ಣ ಕೇಳೋರಿಲ್ಲ.

ನಮ್ಮ ದೇಶದ ರೂಲಲ್ಲಿ ಹಳದೀನೇ ಕಡ್ಡಾಯ. ಸಿಲ್ಕ್ ಬೋರ್ಡಲ್ಲಿ ಅದನ್ನ ಯಾರು ಹಾಕ್ತಾರೆ ಅನ್ನೋದು ಬೇರೆ ಕೇಸು.

ಇನ್ನೊಂದಿದೆ. ಅಮೆರಿಕದ ಈ ಒಂದೇ ಬಲ್ಬಿನ ಎಷ್ಟೋ ಕಾರಲ್ಲಿ ಹಜಾರ್ಡ್ ಲೈಟ್ (ಎಲ್ಲಾ ಇಂಡಿಕೇಟರೂ ಒಟ್ಟಿಗೆ ಮಿಣುಕೋದು) ಹಾಕ್ಕೊಂಡು ಬ್ರೇಕ್ ಒತ್ತಿದ್ರೆ ಹಿಂದೆ ಮಿಣುಕೋದೇ ನಿಂತೋಗತ್ತೆ. ಇದೇನ್ರೀ ಅಂದ್ರೆ, ಬ್ರೇಕ್ ಲೈಟ್ ಉರೀತಿದ್ಯಲ್ಲ ಸ್ವಾಮಿ ಅಂತಾರೆ. ಹೂಂ, ಹಿಂದೆ ಕೂತಿರೋನಿಗೂ ಉರೀತಿದೆ.