ಹಿಟ್ಟೈಟರು 1906ರವರೆಗೆ ‘ಕಟ್ಟುಕತೆ’ ಆಗಿದ್ದರೇ?

“ಹಿಟ್ಟೈಟರು ಬೈಬಲ್ಲಿನ ಕಟ್ಟುಕತೆ ಎಂದು ವಿದ್ವಾಂಸರು ನಗುತ್ತಿದ್ದರು. 1906ರಲ್ಲಿ ಅವರ ರಾಜಧಾನಿ ಸಿಕ್ಕಿತು, ಎಲ್ಲರ ಬಾಯಿ ಮುಚ್ಚಿತು” ಎಂಬ ಸಂದೇಶ ಓಡಾಡುತ್ತಿದೆ. ಹಿಟ್ಟೈಟರು ಎಂದರೆ ಇಂದಿನ ಟರ್ಕಿಯಲ್ಲಿ ಸಾಮ್ರಾಜ್ಯ ಕಟ್ಟಿದ್ದ ಪುರಾತನ ಜನ. ಸಂದೇಶದಲ್ಲಿ ಅರ್ಧ ಮಾತ್ರ ಸರಿ.

1906ರಲ್ಲಿ ಜರ್ಮನ್ ವಿದ್ವಾಂಸ ಹ್ಯೂಗೋ ವಿಂಕ್ಲರ್ ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಅಗೆಯಲು ಶುರುಮಾಡಿದ್ದು, ಬರಹವಿರುವ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕಿದ್ದು ನಿಜ. ಆ ಊರೇ ಹಿಟ್ಟೈಟರ ರಾಜಧಾನಿ ಹತ್ತೂಸಾ. ಆದರೆ ಹಿಟ್ಟೈಟರ ಹೆಸರು ಅಷ್ಟರಲ್ಲಿ ಹೊಸದೇನಲ್ಲ. ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಹಿಟ್ಟೈಟರೊಡನೆ ಸಿರಿಯಾದ ಕಾದೇಶ್‌ನಲ್ಲಿ ಕಾದಾಡಿದ್ದು, ಆಮೇಲೆ ಒಪ್ಪಂದ ಮಾಡಿಕೊಂಡಿದ್ದು ಈಜಿಪ್ಟಿನ ಗೋಡೆಗಳ ಮೇಲೆಯೇ ಇತ್ತು. ವಿಲಿಯಂ ರೈಟ್ 1884ರಲ್ಲೇ ಹಿಟ್ಟೈಟ್ ಸಾಮ್ರಾಜ್ಯದ ಬಗ್ಗೆ ಇಡೀ ಪುಸ್ತಕ ಬರೆದಿದ್ದರು. ಇಲ್ಲದವರ ಬಗ್ಗೆ ಯಾರು ಪುಸ್ತಕ ಬರೆಯುತ್ತಾರೆ, ಅಲ್ವಾ?

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಕನ್ನಡ ಬೈಬಲ್ಲಿನಲ್ಲಿ ಹಿಟ್ಟೈಟರನ್ನು ‘ಹಿತ್ತಿಯರು’ ಎನ್ನುತ್ತಾರೆ; ಆ ಹಿತ್ತಿಯರು ಎಲ್ಲರೂ ಹತ್ತೂಸಾದವರು ಎಂದು ಸುಮ್ನೆ ಒಪ್ಪಿಕೊಳ್ಳಬಾರದು. ಆ ಸಾಮ್ರಾಜ್ಯ ಕ್ರಿ.ಪೂ. 1200ರ ಆಸುಪಾಸಿನಲ್ಲೇ ಕುಸಿಯಿತು. ಇಸ್ರೇಲ್ ಎಂಬ ಹೆಸರು ಮೊದಲು ಕಾಣುವುದೂ ಹೆಚ್ಚುಕಡಿಮೆ ಆಗಲೇ, ಈಜಿಪ್ಟಿನ ದೊರೆ ಮೆರ್ನೆಪ್ಟಾನ ಶಾಸನದ ಕಲ್ಲಿನಲ್ಲಿ. ಹಾಗಾಗಿ ಆಮೇಲೆ ಬಂದ ಇಸ್ರೇಲಿನ ಅರಸರಾದ ದಾವೀದ, ಸೊಲೊಮೋನರ ಕಾಲಕ್ಕೆ ಉಳಿದಿದ್ದು ಸಿರಿಯಾ ಕಡೆಯ ಕಾರ್ಕೆಮಿಶ್‌ನಂಥ ಸಣ್ಣ ರಾಜ್ಯಗಳು. ಸೊಲೊಮೋನನ ವ್ಯಾಪಾರಿಗಳು ಕುದುರೆ ಮಾರಿದ ‘ಹಿತ್ತಿಯರ ಅರಸರು’ ಇವರೇ ಇರಬೇಕು. ಬಹುವಚನ ಗಮನಿಸಿ: ಒಬ್ಬ ಚಕ್ರವರ್ತಿಯಲ್ಲ, ಹಲವು ಅರಸರು.

ಬೈಬಲ್ಲಿನಲ್ಲಿ ಇಸ್ರೇಲರ ಮೂಲಪುರುಷ ಅಬ್ರಹಾಮನಿಗೆ ಗವಿ ಮಾರಿದ ಹಿತ್ತಿಯ ಎಫ್ರೋನನ ವಿಷಯ ಬೇರೆ. ಅವನ ಊರು ಜೆರುಸಲೇಮಿನ ದಕ್ಷಿಣಕ್ಕಿರುವ ಹೆಬ್ರೋನ್. ಹಿಟ್ಟೈಟ್ ಆಳ್ವಿಕೆ ಅಷ್ಟು ದಕ್ಷಿಣಕ್ಕೆ ಬಂದಿರಲೇ ಇಲ್ಲ. ಅಲ್ಲಿನವರು ಹೆಸರಷ್ಟೇ ಹೋಲುವ ಸ್ಥಳೀಯ ಜನ ಎನ್ನುವ ವಿದ್ವಾಂಸರೇ ಜಾಸ್ತಿ.