ಹಸಿರು ಬಂದರೆ ಒಳ್ಳೇದಲ್ವಾ?

ಮೀನು ಸಾಕಿದ್ದೀಯಂತೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ನಾನು ಸಾಕಿರುವುದು ನೀರನ್ನು. ಮೀನುಗಳು ಅದರಲ್ಲಿ ಬಾಡಿಗೆಗಿವೆ, ಅಷ್ಟೆ.

ನಾವಿರುವ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಲ್ಲಿ ನೀರು ಬಹುಪಾಲು ಯೊಸೆಮಿಟಿ ಬೆಟ್ಟಗಳ ಹಿಮ ಕರಗಿ ಬಂದದ್ದು. ರುಚಿಗೆ ಎರಡು ಮಾತಿಲ್ಲ. ಆದರೆ 2004ರಿಂದ ಅದಕ್ಕೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಕ್ಲೋರಿನ್ನಿಗೆ ಅಮೋನಿಯಾ ಸೇರಿದರೆ ಕ್ಲೋರಮೈನ್. ನಾವು ಆರಾಮಾಗಿ ಕುಡಿಯಬಹುದು. ಕಿವಿರಿರುವ ಮೀನಿಗೆ ಮಾತ್ರ ವಿಷ.

ಮೈಸೂರಿಂದ ಅಮ್ಮ ಬಂದಳು. ನೀರು ಬದಲಿಸುವ ದಿನ ನೋಡಿದರೆ ಬಚ್ಚಲಲ್ಲಿ ಕಾಲಿಡಲು ಜಾಗವಿಲ್ಲ. ಬಕೆಟ್ಟು, ಕುಕ್ಕರು, ದೋಸೆ ಹಿಟ್ಟಿನ ಡಬ್ಬಿ, ಎಲ್ಲದರಲ್ಲೂ ನೀರು.

"ರಾತ್ರಿನೇ ಹಿಡಿದಿಟ್ಟೆ ಕಣೋ. ಔಷಧಿ ವಾಸನೆ ಹಾರಿಹೋಗುತ್ತೆ."

ಬರೀ ಕ್ಲೋರಿನ್ ಆಗಿದ್ದರೆ ಅಮ್ಮನ ಲೆಕ್ಕ ಸರಿಯೇ. ಒಂದೆರಡು ದಿನ ತೆರೆದಿಟ್ಟರೆ ಹೋಗುತ್ತದೆ. ಕ್ಲೋರಮೈನ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಅದಕ್ಕೆ ಕಂಡಿಷನರ್ ಅನ್ನುವ, ನೀರಿಗೆ ಬೆರೆಸುವ ದ್ರಾವಣ ಬೇಕು. ನನ್ನ ಬಾಟಲಿಯದ್ದಂತೂ ಕೊಳೆತ ಮೊಟ್ಟೆಯ ವಾಸನೆ. ಮುಚ್ಚಳ ತೆಗೆದಿದ್ದೇ ತಡ, ಅಡುಗೆಮನೆಯಿಂದ ಕೂಗು: "ಯಾರೋ ಅದು ಮೊಟ್ಟೆ ತಂದಿರೋದು?" ಫ್ರಿಜ್ ತಪಾಸಣೆಯಾಯಿತು. ಏನೂ ತಪ್ಪು ಮಾಡದ ಪನೀರು ಕಸದ ಬುಟ್ಟಿ ಸೇರಿತು.

ಕಂಡಿಷನರ್ ಕ್ಲೋರಿನ್ನನ್ನು ಮುಗಿಸುತ್ತದೆ. ಅಮೋನಿಯಾ ಉಳಿಯುತ್ತದೆ, ಅದೂ ಮೀನಿಗೆ ವಿಷವೇ. ಒಳ್ಳೆಯ ಕಂಡಿಷನರ್ ಆದರೆ ಅದನ್ನು ಒಂದು ದಿನದ ಮಟ್ಟಿಗೆ ಕಟ್ಟಿಹಾಕುತ್ತದೆ. ಅಷ್ಟರಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಮತ್ತು ಗಿಡಗಳು ಅದನ್ನು ತಿಂದು ಮುಗಿಸಬೇಕು. ಗಿಡಕ್ಕೆ ಅದು ಗೊಬ್ಬರ. ತಮಾಷೆಯೆಂದರೆ, ಕಟ್ಟಿಹಾಕಿದ ಅಮೋನಿಯಾವನ್ನೂ ಟೆಸ್ಟ್ ಕಿಟ್ ಎತ್ತಿ ತೋರಿಸುತ್ತದೆ. ಟ್ಯೂಬು ಹಳದಿಯಿದ್ದರೆ ಕ್ಷೇಮ, ಹಸಿರಾದರೆ ಅಮೋನಿಯಾ. ನಾನು ಕಿಟಕಿ ಪಕ್ಕ ನಿಂತು ಬಣ್ಣದ ಕಾರ್ಡಿಗೆ ಟ್ಯೂಬು ಹಿಡಿದು ಕಣ್ಣು ಕಿರಿದು ಮಾಡಿದೆ. ಹೆಂಡತಿ ತಿಳಿಹಸಿರು ಎಂದಳು. ನನಗೆ ಪಾಚಿ ಬಣ್ಣ ಕಂಡಿತು.

"ಹಸಿರು ಬಂದರೆ ಒಳ್ಳೇದಲ್ವಾ?" ಎಂದಳು ಅಮ್ಮ.

ಅವಳಿಗೆ ಅರ್ಥವಾಗಲಿ ಅಂತ ಟ್ಯಾಂಕಿನ ಗಿಡ ತೋರಿಸಿದೆ. ಬಲಮೂಲೆಯಲ್ಲಿ ಪೊದೆಯಾಗಿ ಬೆಳೆದದ್ದು ಹೈಡ್ರೊಕೋಟೈಲ್. ಜಾಸ್ತಿ ಅಮೋನಿಯಾ ಹೀರುವುದು ಅದೇ ಇರಬೇಕು, ಅಷ್ಟು ಬೇಗ ಬೆಳೆಯುತ್ತದೆ. ದುಂಡು ಎಲೆ, ನೋಡಲು ಥೇಟ್ ಒಂದೆಲಗ. ಅಮ್ಮನ ಕಣ್ಣು ಅಲ್ಲೇ ನಿಂತಿತು.

ಮಾರನೇ ದಿನ ಊಟಕ್ಕೆ ತಂಬುಳಿ. ಟ್ಯಾಂಕಿನ ಬಲಮೂಲೆ ಬೋಳು.

"ನೆನಪಿನ ಶಕ್ತಿಗೆ ಒಳ್ಳೇದು, ಸುಮ್ನೆ ಊಟ ಮಾಡು."

ಆ ಸಂಜೆ ಟ್ಯೂಬಿನ ಹಸಿರು ಇನ್ನೂ ಗಾಢವಾಗಿತ್ತು. ಅಮ್ಮ ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು. "ನೋಡು, ನಿನ್ನೆಗಿಂತ ಎಷ್ಟು ಚೆನ್ನಾಗಿ ಬಂದಿದೆ!"