ವೈವಾ ಹಿಂದಿನ ದಿನ ಅಪ್‌ಲೋಡ್ ಮಾಡುವುದಕ್ಕೆ ಗಿಟ್ ಬೇಕಿಲ್ಲ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಪ್ರಾಜೆಕ್ಟ್‌ಗಳನ್ನು ಗಿಟ್‌ಹಬ್‌ನಲ್ಲಿ ಹುಡುಕಿ ತೆರೆದು ನೋಡಿ. ಎಷ್ಟೋ ಕಡೆ ಇಡೀ ಪ್ರಾಜೆಕ್ಟ್‌ಗೆ ಇರುವುದು ಒಂದೇ ಕಮಿಟ್ (ಆ ಹೊತ್ತಿಗೆ ಕೋಡ್ ಹೇಗಿತ್ತು ಅನ್ನುವ ದಾಖಲೆ), ಅದರ ಸಂದೇಶ ‘ಆಡ್ ಫೈಲ್ಸ್ ವಯಾ ಅಪ್‌ಲೋಡ್’. ನಾಲ್ಕು ಜನ ತಿಂಗಳುಗಟ್ಟಲೆ ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸಿಕೊಂಡು, ‘ಫೈನಲ್’, ‘ಫೈನಲ್ 2’, ‘ಫೈನಲ್ ಸರ್ ಹೇಳಿದ್ದು’ ಅಂತ ಫೋಲ್ಡರ್ ಮಾಡಿಕೊಂಡು, ಕಡೆಗೆ ಎಲ್ಲವನ್ನೂ ಬ್ರೌಸರ್‌ಗೆ ಎಳೆದು ಹಾಕಿದ್ದಾರೆ ಅಂತ ಅರ್ಥ. ಇದನ್ನು ಹುಡುಗರ ಸೋಮಾರಿತನ ಅನ್ನುವುದು ಸರಿಯಲ್ಲ. ಗಿಟ್‌ಹಬ್ ಅಂದರೆ ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಜಾಗ ಅಂತಲೇ ಅವರಿಗೆ ಹೇಳಿಕೊಡಲಾಗಿದೆ. ಕೋಡಿನ ಮೊದಲ ಸಾಲು ಬರೆಯುವ ಮೊದಲೇ ಗಿಟ್ ಶುರುವಾಗಬೇಕು, ಗಿಟ್‌ಹಬ್ ಆಮೇಲೆ ಬರಲಿ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದು ಅದನ್ನು ಮಾಡುವ ಬಗೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಗಿಟ್ ಅಂದರೆ ಕೋಡಿನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುವ ಪ್ರೋಗ್ರಾಂ. ಅದಕ್ಕೆ ಇಂಟರ್‌ನೆಟ್ ಬೇಡ, ಅಕೌಂಟ್ ಬೇಡ. ಲಿನಕ್ಸ್ ಕರ್ನಲ್ ತಂಡ ಬಳಸುತ್ತಿದ್ದ ಇಂಥದೇ ಪ್ರೋಗ್ರಾಂ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಾಗ ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆದರು. ಗಿಟ್‌ಹಬ್ ಬಂದದ್ದು 2008ರಲ್ಲಿ; ಗಿಟ್ ಇತಿಹಾಸದ ಒಂದು ಪ್ರತಿಯನ್ನು ಇಟ್ಟುಕೊಂಡು, ನಾಲ್ಕು ಜನ ಅದರ ಮೇಲೆ ಚರ್ಚೆ ಮಾಡಲು ಅನುವು ಮಾಡಿಕೊಡುವ ವೆಬ್‌ಸೈಟ್ ಅದು. ಗಿಟ್‌ಲ್ಯಾಬ್, ಕೋಡ್‌ಬರ್ಗ್ ಕೂಡ ಅದೇ ಕೆಲಸ ಮಾಡುತ್ತವೆ. ಹಾಗಾಗಿ ಮೊದಲ ವಾರ ವೆಬ್‌ಸೈಟಿನ ಕಡೆ ತಲೆಹಾಕಬೇಡಿ.

ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಗಿಟ್’, ವಿಂಡೋಸ್‌ನಲ್ಲಿ ‘ಗಿಟ್ ಫಾರ್ ವಿಂಡೋಸ್’. ಆಮೇಲೆ ‘ಗಿಟ್ ಕಾನ್‌ಫಿಗ್ --ಗ್ಲೋಬಲ್’ ಬಳಸಿ ಯೂಸರ್.ನೇಮ್, ಯೂಸರ್.ಇಮೇಲ್ ಎರಡನ್ನೂ ಕೊಡಿ. ಇಲ್ಲಿ ಕೊಟ್ಟ ಇಮೇಲ್ ಪ್ರತಿ ಕಮಿಟ್‌ನೊಳಗೂ ಕೂರುತ್ತದೆ. ಗಿಟ್‌ಹಬ್ ಅಕೌಂಟಿಗೆ ಸೇರಿಸಿದ ಇಮೇಲ್ ಅದಲ್ಲದಿದ್ದರೆ ನಿಮ್ಮ ಕೆಲಸ ನಿಮ್ಮ ಪ್ರೊಫೈಲ್‌ನಲ್ಲಿ ಕಾಣುವುದೇ ಇಲ್ಲ. ಇಮೇಲ್ ಊರಿಗೆಲ್ಲ ಕಾಣುವುದು ಬೇಡ ಅನ್ನುವವರಿಗೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ‘ನೋರಿಪ್ಲೈ’ ವಿಳಾಸ ಸಿಗುತ್ತದೆ, ಅದನ್ನೇ ಹಾಕಿ. ಕಾಲೇಜು ಲ್ಯಾಬ್‌ನ ಕಂಪ್ಯೂಟರ್ ಆದರೆ ‘--ಗ್ಲೋಬಲ್’ ಬಿಟ್ಟುಬಿಡಿ, ನಿಮ್ಮ ರೆಪೊಸಿಟರಿಯ (ಗಿಟ್ ಇತಿಹಾಸ ಇಡುತ್ತಿರುವ ಪ್ರಾಜೆಕ್ಟ್ ಫೋಲ್ಡರ್) ಒಳಗೆ ಮಾತ್ರ ಹೆಸರು ಕೊಡಿ. ಬೆಳಗಿನ ಬ್ಯಾಚಿನವರ ಹೆಸರಿನಲ್ಲಿ ಮಧ್ಯಾಹ್ನದವರ ಕಮಿಟ್ ಬೀಳುವುದು ಈ ಕಾರಣಕ್ಕೇ. ಪುಶ್ ಮಾಡುವಾಗ (ಕಮಿಟ್‌ಗಳನ್ನು ಗಿಟ್‌ಹಬ್‌ಗೆ ಕಳಿಸುವಾಗ) 403, ಅಂದರೆ ಅನುಮತಿ ಇಲ್ಲ ಅಂತ ಬಂದು, ಪಕ್ಕದಲ್ಲಿ ಯಾರದೋ ಯೂಸರ್‌ನೇಮ್ ಕಂಡರೆ, ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಿಂದಿನವರ ಲಾಗಿನ್ ಉಳಿದಿದೆ ಎಂದರ್ಥ. ಅದನ್ನು ತೆಗೆದು ಮತ್ತೆ ಪುಶ್ ಮಾಡಿ. ಎದ್ದು ಹೋಗುವಾಗ ನಿಮ್ಮದನ್ನೂ ತೆಗೆದು ಹೋಗಿ.

ಇನ್ನು ದಿನದ ಕೆಲಸ. ಫೋಲ್ಡರನ್ನು ರೆಪೊಸಿಟರಿ ಮಾಡಲು ‘ಗಿಟ್ ಇನಿಟ್’ ಒಮ್ಮೆ. ಆಮೇಲೆ ಸ್ಟೇಟಸ್ (ಯಾವ ಫೈಲ್ ಬದಲಾಗಿದೆ), ಡಿಫ್ (ಯಾವ ಸಾಲು ಬದಲಾಗಿದೆ), ಆಡ್ (ಮುಂದಿನ ಕಮಿಟ್‌ಗೆ ಆರಿಸುವುದು), ಕಮಿಟ್: ಈ ನಾಲ್ಕೇ. ಬಹಳ ಜನ ಡಿಫ್ ನೋಡದೆ ‘ಗಿಟ್ ಆಡ್ .’ ಹೊಡೆದು ಕಮಿಟ್ ಮಾಡುತ್ತಾರೆ. ಪರೀಕ್ಷೆಗೆ ಹಾಕಿದ್ದ ಪ್ರಿಂಟ್ ಸಾಲು, ಪಾಸ್‌ವರ್ಡ್, ಅರ್ಧ ಬರೆದ ಫಂಕ್ಷನ್ ಎಲ್ಲ ಒಟ್ಟಿಗೆ ಒಳಗೆ ಹೋಗುವುದು ಹೀಗೆ. ಒಂದು ವಿಷಯ: ಆಡ್ ಮಾಡಿದ ಮೇಲೆ ಬರೀ ‘ಗಿಟ್ ಡಿಫ್’ ಖಾಲಿ ತೋರಿಸುತ್ತದೆ, ಆಗ ‘ಗಿಟ್ ಡಿಫ್ --ಸ್ಟೇಜ್ಡ್’ ಬೇಕು. ಒಂದೇ ಫೈಲಿನಲ್ಲಿ ಎರಡು ಬೇರೆ ಬದಲಾವಣೆ ಇದ್ದರೆ ‘ಗಿಟ್ ಆಡ್ -ಪಿ’ ಒಂದೊಂದು ತುಂಡನ್ನೂ ತೋರಿಸಿ ಬೇಕೋ ಬೇಡವೋ ಕೇಳುತ್ತದೆ. ಇದೊಂದು ಅಭ್ಯಾಸವಾದರೆ ಕಮಿಟ್‌ಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಕಮಿಟ್ ಸಂದೇಶದ ವಿಷಯದಲ್ಲಿ ನಾನು ಹಟಮಾರಿ. ‘ಅಪ್‌ಡೇಟ್’, ‘ಚೇಂಜಸ್’ ಅಂತ ಬರೆದರೆ ಬರೆಯದ ಹಾಗೇ. ಒಂದು ತಂಡ ವಾರ್ಡ್‌ವಾರು ಕಸದ ದೂರಿನ ಆ್ಯಪ್ ಮಾಡುತ್ತಿದೆ ಅಂದುಕೊಳ್ಳಿ. ಬಿಬಿಎಂಪಿಯಲ್ಲಿ 198 ವಾರ್ಡ್ ಇದ್ದದ್ದು 2022ರ ಮರುವಿಂಗಡಣೆಯಲ್ಲಿ 243 ಆಯಿತು, 2023ರಲ್ಲಿ 225 ಆಯಿತು, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು. ಆ ಫೈಲಿನಲ್ಲಿ ಸಂಖ್ಯೆ ಬದಲಾಗಿದೆ ಅನ್ನುವುದನ್ನು ಡಿಫ್ ತೋರಿಸುತ್ತದೆ. ಯಾಕೆ ಬದಲಾಯಿತು ಅನ್ನುವುದನ್ನು ಸಂದೇಶ ಮಾತ್ರ ಹೇಳಬಲ್ಲದು: ‘ವಾರ್ಡ್ ಪಟ್ಟಿಯನ್ನು 2023ರ ವಿಂಗಡಣೆಯಂತೆ 225ಕ್ಕೆ ಬದಲಿಸಿದೆ, ಹಳೆಯ ದೂರುಗಳು 198ರ ಪಟ್ಟಿಯಲ್ಲೇ ಉಳಿದಿವೆ’. ಕನ್ನಡದಲ್ಲೇ ಬರೆಯಬಹುದು, ಗಿಟ್‌ಗೆ ಏನೂ ತೊಂದರೆ ಇಲ್ಲ.

ರೆಪೊಸಿಟರಿಯೊಳಗೆ ಏನು ಹೋಗಬಾರದು ಅನ್ನುವುದು ಮೊದಲ ಕಮಿಟ್‌ಗೂ ಮುಂಚೆ ತೀರ್ಮಾನವಾಗಬೇಕು. ನೋಡ್ ಮಾಡ್ಯೂಲ್ಸ್ ಫೋಲ್ಡರ್, ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್, ಪಾಸ್‌ವರ್ಡ್, ಕೀಗಳನ್ನು ಇಡುವ ‘.ಎನ್ವ್’ ಫೈಲ್, ಡೇಟಾಸೆಟ್, ಟ್ರೈನ್ ಮಾಡಿದ ಮಾಡೆಲ್, ಇವೆಲ್ಲದರ ಹೆಸರು ‘.ಗಿಟ್‌ಇಗ್ನೋರ್’ ಫೈಲಿನಲ್ಲಿ ಇರಲಿ. ಈಗಾಗಲೇ ಕಮಿಟ್ ಆದ ಫೈಲಿಗೆ ಇಗ್ನೋರ್ ತಾಗುವುದಿಲ್ಲ. ಅದಕ್ಕೆ ‘ಗಿಟ್ ಆರ್‌ಎಮ್ --ಕ್ಯಾಶ್ಡ್’ ಕೊಟ್ಟು ಪಟ್ಟಿಯಿಂದ ತೆಗೆಯಬೇಕು, ಫೈಲ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ. ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ಒಳಗೆ ಬಿಡುವುದೇ ಇಲ್ಲ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗಳು ಮುಗ್ಗರಿಸುವುದು ಇಲ್ಲೇ. ಆ ಫೈಲನ್ನು ಅಳಿಸಿ ಹೊಸ ಕಮಿಟ್ ಮಾಡಿದರೂ ಪುಶ್ ಆಗುವುದಿಲ್ಲ, ಯಾಕೆಂದರೆ ಹಿಂದಿನ ಕಮಿಟ್‌ನಲ್ಲಿ ಅದು ಇನ್ನೂ ಇದೆ. ಕೊನೆಯ ಕಮಿಟ್‌ನಲ್ಲಷ್ಟೇ ಇದ್ದರೆ ‘ಗಿಟ್ ರೀಸೆಟ್ ಹೆಡ್~1’ ಕೊಟ್ಟು ಆ ಕಮಿಟ್ ಬಿಚ್ಚಿ, ದೊಡ್ಡ ಫೈಲ್ ಬಿಟ್ಟು ಮತ್ತೆ ಕಮಿಟ್ ಮಾಡಿ. ಪಾಸ್‌ವರ್ಡ್, ಎಪಿಐ ಕೀಗಳದ್ದೂ (ಹೊರಗಿನ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಇದೇ ಕಥೆ, ಇನ್ನೂ ಅಪಾಯ. ಸಾರ್ವಜನಿಕ ರೆಪೊಸಿಟರಿಗೆ ಕೀ ಒಮ್ಮೆ ಹೋದರೆ ಅದು ಕಳುವಾಗಿದೆ ಅಂತಲೇ ತಿಳಿಯಬೇಕು. ಮೊದಲು ಆ ಕೀ ರದ್ದು ಮಾಡಿ ಹೊಸದು ಪಡೆಯಿರಿ, ಇತಿಹಾಸ ತೊಳೆಯುವುದು ಆಮೇಲಿನ ಮಾತು.

ಪ್ರಾಜೆಕ್ಟ್ ರಿಪೋರ್ಟಿನ ವರ್ಡ್ ಫೈಲನ್ನು ಗಿಟ್‌ನಲ್ಲಿ ಇಡಬೇಡಿ, ಅದರ ಡಿಫ್ ಓದಲು ಬರುವುದಿಲ್ಲ. ಜೂಪಿಟರ್ ನೋಟ್‌ಬುಕ್ ಆದರೆ ಔಟ್‌ಪುಟ್ ಎಲ್ಲ ಕ್ಲಿಯರ್ ಮಾಡಿ ಕಮಿಟ್ ಮಾಡಿ. ಇಡೀ ರೆಪೊಸಿಟರಿಯನ್ನು ಒನ್‌ಡ್ರೈವ್ ಫೋಲ್ಡರಿನೊಳಗೆ ಇಡುವುದೂ ಬೇಡ, ಎರಡು ಕಡೆಯಿಂದ ಸಿಂಕ್ ಆಗಿ ಇತಿಹಾಸ ಇರುವ ‘.ಗಿಟ್’ ಫೋಲ್ಡರ್ ಹಾಳಾಗಬಹುದು.

ಈಗ ಗಿಟ್‌ಹಬ್‌ಗೆ ಬನ್ನಿ. ಹೊಸ ರೆಪೊಸಿಟರಿ ಮಾಡುವಾಗ ‘ರೀಡ್‌ಮಿ (ಪ್ರಾಜೆಕ್ಟ್ ಪರಿಚಯದ ಫೈಲ್) ಸೇರಿಸು’ ಅನ್ನುವುದಕ್ಕೆ ಟಿಕ್ ಹಾಕಬೇಡಿ, ಪೂರ್ತಿ ಖಾಲಿ ಇರಲಿ. ಟಿಕ್ ಹಾಕಿದರೆ ಅಲ್ಲೊಂದು ಕಮಿಟ್ ಹುಟ್ಟುತ್ತದೆ, ನಿಮ್ಮ ಲ್ಯಾಪ್‌ಟಾಪಿನ ಇತಿಹಾಸಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ, ಮೊದಲ ಪುಶ್ಶೇ ‘ರಿಜೆಕ್ಟೆಡ್’. ಆಮೇಲೆ ‘ಗಿಟ್ ರಿಮೋಟ್ ಆಡ್ ಒರಿಜಿನ್’ ಮತ್ತು ವಿಳಾಸ, ನಂತರ ‘ಗಿಟ್ ಪುಶ್ -ಯು ಒರಿಜಿನ್ ಮೇನ್’. ‘ರೆಫ್‌ಸ್ಪೆಕ್ ಮೇನ್’ ಹೊಂದುತ್ತಿಲ್ಲ ಅಂತ ಬೈದರೆ, ಒಂದೋ ಇನ್ನೂ ಕಮಿಟ್ಟೇ ಮಾಡಿಲ್ಲ, ಇಲ್ಲವೇ ನಿಮ್ಮ ಬ್ರಾಂಚಿನ (ಇತಿಹಾಸದ ಒಂದು ಕವಲು) ಹೆಸರು ‘ಮಾಸ್ಟರ್’ ಅಂತಿದೆ. ‘ಗಿಟ್ ಬ್ರಾಂಚ್ -ಎಮ್ ಮೇನ್’ ಕೊಡಿ, ಎಮ್ ದೊಡ್ಡಕ್ಷರ. ಪಾಸ್‌ವರ್ಡ್ ಕೇಳಿದಾಗ ಗಿಟ್‌ಹಬ್ ಪಾಸ್‌ವರ್ಡ್ ಕೊಟ್ಟರೆ ನಡೆಯುವುದಿಲ್ಲ, 2021ರ ಆಗಸ್ಟ್ 13ರಿಂದ ಅದು ಬಂದ್. ಪಾಸ್‌ವರ್ಡ್ ಬದಲು ಕೊಡುವ ಟೋಕನ್ ಬೇಕು, ಇಲ್ಲವೇ ಎಸ್‌ಎಸ್‌ಎಚ್ ಕೀ (ಗುರುತಿಗೆ ಬಳಸುವ ಎರಡು ಫೈಲ್‌ಗಳ ಜೋಡಿ). ಎಸ್‌ಎಸ್‌ಎಚ್ ಆದರೆ ‘.ಪಬ್’ ಎಂದು ಕೊನೆಯಾಗುವ ಫೈಲನ್ನಷ್ಟೇ ವೆಬ್‌ಸೈಟಿಗೆ ಅಂಟಿಸಿ. ಇನ್ನೊಂದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗಕೂಡದು.

ತಂಡದ ಉಳಿದ ಮೂವರನ್ನು ಕೊಲಾಬೊರೇಟರ್ ಆಗಿ ಕರೆಯಿರಿ. ಆ ಆಹ್ವಾನ ಏಳು ದಿನದಲ್ಲಿ ತೀರಿಹೋಗುತ್ತದೆ. ಮೇನ್ ಬ್ರಾಂಚಿಗೆ ಯಾರೂ ನೇರ ಪುಶ್ ಮಾಡುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಒಂದು ಕೆಲಸಕ್ಕೆ ಒಂದು ಬ್ರಾಂಚ್ (‘ಗಿಟ್ ಸ್ವಿಚ್ -ಸಿ’), ಅದನ್ನು ಪುಶ್ ಮಾಡಿ ಪುಲ್ ರಿಕ್ವೆಸ್ಟ್ (ಇದನ್ನು ಮೇನ್‌ಗೆ ಸೇರಿಸಿ ಅನ್ನುವ ಕೋರಿಕೆ), ಇನ್ನೊಬ್ಬರು ಓದಿದ ಮೇಲೆ ಮರ್ಜ್, ಅಂದರೆ ಸೇರಿಸುವುದು. ಓದುವವರು ನಿಜವಾಗಿ ಓದಬೇಕು. ಕೋಡ್ ಇಳಿಸಿಕೊಂಡು ಓಡಿಸಿ ನೋಡದೆ ಹೆಬ್ಬೆರಳು ಎತ್ತಿದರೆ ಈ ಏರ್ಪಾಡಿಗೆ ಅರ್ಥವೇ ಇಲ್ಲ. ನೇರ ಪುಶ್ ತಡೆಯುವ ಬ್ರಾಂಚ್ ಪ್ರೊಟೆಕ್ಷನ್ ಉಚಿತ ಅಕೌಂಟಿನಲ್ಲಿ ಸಾರ್ವಜನಿಕ ರೆಪೊಸಿಟರಿಗಷ್ಟೇ ಸಿಗುತ್ತದೆ. ಖಾಸಗಿಗೂ ಬೇಕಾದರೆ ಸ್ಟೂಡೆಂಟ್ ಡೆವಲಪರ್ ಪ್ಯಾಕ್‌ಗೆ ಅರ್ಜಿ ಹಾಕಿ.

ಕಾನ್‌ಫ್ಲಿಕ್ಟ್ ಅಂದರೆ ಜನ ಬೆಚ್ಚಿಬೀಳುತ್ತಾರೆ. ಅದೇ ವಾರ್ಡ್ ಫೈಲನ್ನೇ ತೆಗೆದುಕೊಳ್ಳಿ. 198 ಇದ್ದ ಸಾಲನ್ನು ಒಬ್ಬರು 243 ಮಾಡಿದ್ದಾರೆ, ಇನ್ನೊಬ್ಬರು ಬೇರೆ ಬ್ರಾಂಚಿನಲ್ಲಿ 225 ಮಾಡಿದ್ದಾರೆ. ಮರ್ಜ್ ಮಾಡಿದಾಗ ಗಿಟ್ ಎರಡನ್ನೂ ಫೈಲಿನೊಳಗೇ ಇಡುತ್ತದೆ: ಎಡಕ್ಕೆ ಮೊನೆ ಇರುವ ಏಳು ಚಿಹ್ನೆ, ಕೆಳಗೆ ನಿಮ್ಮ 243, ಆಮೇಲೆ ಏಳು ಸಮಚಿಹ್ನೆ, ಕೆಳಗೆ ಅವರ 225, ಕೊನೆಗೆ ಬಲಕ್ಕೆ ಮೊನೆ ಇರುವ ಏಳು ಚಿಹ್ನೆ. ಯಾವುದು ಸರಿ ಅಂತ ಗಿಟ್‌ಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆ್ಯಪ್ ಯಾವ ವರ್ಷದ ದೂರು ತೋರಿಸುತ್ತಿದೆ ಅಂತ ಆ ಇನ್ನೊಬ್ಬರನ್ನು ಕೇಳಿ, ಸರಿಯಾದ ಸಾಲು ಉಳಿಸಿ, ಮೂರೂ ಚಿಹ್ನೆ ಸಾಲುಗಳನ್ನು ಅಳಿಸಿ, ಆಡ್, ಕಮಿಟ್. ಗಾಬರಿಯಾದರೆ ‘ಗಿಟ್ ಮರ್ಜ್ --ಅಬಾರ್ಟ್’, ಎಲ್ಲ ಮೊದಲಿನಂತಾಗುತ್ತದೆ. ಪುಶ್ ರಿಜೆಕ್ಟ್ ಆಯಿತು ಅಂತ ‘--ಫೋರ್ಸ್’ ಮಾತ್ರ ಹಾಕಬೇಡಿ. ಗೆಳೆಯರ ಒಂದು ವಾರದ ಕೆಲಸ ಸರ್ವರಿನಲ್ಲಿ ಅಳಿಸಿಹೋಗಬಹುದು. ಮೊದಲು ಪುಲ್ ಮಾಡಿ, ಸರ್ವರಿನಲ್ಲಿರುವುದನ್ನು ನಿಮ್ಮಲ್ಲಿಗೆ ತಂದುಕೊಳ್ಳಿ.

ಹಿಂದಕ್ಕೆ ಹೋಗುವುದು ಸುಲಭ. ಕಮಿಟ್ ಆಗದ ಬದಲಾವಣೆ ಬೇಡವಾದರೆ ‘ಗಿಟ್ ರಿಸ್ಟೋರ್’, ಪುಶ್ ಆಗಿಹೋದ ಕಮಿಟ್ ಬೇಡವಾದರೆ ‘ಗಿಟ್ ರಿವರ್ಟ್’. ಒಮ್ಮೆ ಕಮಿಟ್ ಆದದ್ದನ್ನು ‘ರೀಸೆಟ್ --ಹಾರ್ಡ್’ ಹೊಡೆದು ಕಳೆದುಕೊಂಡರೂ ‘ಗಿಟ್ ರೆಫ್‌ಲಾಗ್’ನಲ್ಲಿ ಸಾಮಾನ್ಯವಾಗಿ ಕೆಲವು ವಾರ ಸಿಗುತ್ತದೆ. ಕಮಿಟ್ ಮಾಡದೇ ಕಳೆದುಕೊಂಡದ್ದು ಹೋದಂತೆಯೇ. ದಿನಕ್ಕೆ ಹಲವು ಸಲ ಕಮಿಟ್ ಮಾಡಿ ಅನ್ನುವುದು ಇದಕ್ಕೇ.

ಕನ್ನಡದ ಫೈಲ್ ಇಟ್ಟವರಿಗೆ ಎರಡು ಮಾತು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ‘ಗಿಟ್ ಸ್ಟೇಟಸ್’ ‘ಕ’ ಅಕ್ಷರವನ್ನು \340\262\225 ಅಂತ ತೋರಿಸುತ್ತದೆ. ಫೈಲ್ ಕೆಟ್ಟಿಲ್ಲ, ‘ಕೋರ್.ಕೋಟ್‌ಪಾತ್’ ಅನ್ನು ‘ಫಾಲ್ಸ್’ ಮಾಡಿದರೆ ಸರಿಹೋಗುತ್ತದೆ. ಡಿಫ್‌ನಲ್ಲಿ ಕೆಂಪು ಸಾಲೂ ಹಸಿರು ಸಾಲೂ ಒಂದೇ ಥರ ಕಂಡರೆ, ‘ಸಾಫ್ಟ್‌ವೇರ್’ನಂಥ ಪದದ ನಡುವೆ ಕಣ್ಣಿಗೆ ಕಾಣದ ಅಗಲವಿಲ್ಲದ ಕ್ಯಾರೆಕ್ಟರ್ ಒಂದರಲ್ಲಿ ಇದೆಯೇ, ಇನ್ನೊಂದರಲ್ಲಿ ಇಲ್ಲವೇ ನೋಡಿ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ತಂದು ಆಮೇಲೆ ಕಮಿಟ್ ಮಾಡಿ.

ಹೊರಗಿನ ಪ್ರಾಜೆಕ್ಟ್‌ಗೆ ಮೊದಲ ಪುಲ್ ರಿಕ್ವೆಸ್ಟ್ ಕಳಿಸುವ ಆಸೆ ಇದ್ದರೆ, ರೀಡ್‌ಮಿಯಲ್ಲಿ ಒಂದು ಪದ ತಿದ್ದಿ ಕಳಿಸಬೇಡಿ. ಅಂಥ ಕಸದ ರಾಶಿ ಬಿದ್ದೇ 2020ರ ಹ್ಯಾಕ್ಟೋಬರ್‌ಫೆಸ್ಟ್ (ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ಅಭಿಯಾನ) ನಡುವೆಯೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕಾಯಿತು. ಗುಬ್ಬಿ, ನವಿಲು ಥರದ ಮುಕ್ತ ಕನ್ನಡ ಫಾಂಟ್‌ಗಳಿವೆ, ಅರ್ಧಂಬರ್ಧ ಕನ್ನಡವಾದ ಆ್ಯಪ್‌ಗಳಿವೆ. ಅವುಗಳಲ್ಲಿ ಒಂದನ್ನು ದಿನವೂ ಬಳಸಿ. ಒತ್ತಕ್ಷರ ಎಲ್ಲಾದರೂ ಒಡೆದರೆ ಮೊದಲು ಪ್ರಾಜೆಕ್ಟ್ ಪುಟದಲ್ಲಿ ಇಶ್ಯೂ, ಅಂದರೆ ತೊಂದರೆಯ ವರದಿ ಬರೆಯಿರಿ: ಯಾವ ಪದ, ಯಾವ ಬ್ರೌಸರ್, ಯಾವ ಆವೃತ್ತಿ, ಏನು ಕಾಣಬೇಕಿತ್ತು, ಏನು ಕಂಡಿತು, ಒಂದು ಸ್ಕ್ರೀನ್‌ಶಾಟ್. ನಡೆಸುವವರು ‘ಹೌದು, ಸರಿಮಾಡಬಹುದು’ ಅಂದ ಮೇಲೆ ಫೋರ್ಕ್ ಮಾಡಿ (ನಿಮ್ಮ ಅಕೌಂಟಿನಲ್ಲಿ ಒಂದು ಪ್ರತಿ ಮಾಡಿಕೊಂಡು), ಹೊಸ ಬ್ರಾಂಚ್ ತೆಗೆದು ಕೆಲಸ ಶುರು ಮಾಡಿ.